ನಮನ ಬಿಟ್ಟ ಹಾಡು

ಸರ್ಕಾರ ಹಾಡುವವರಿಗೂ ದುಡ್ಡು ಕೊಡುತ್ತದಂತೆ ಎಂಬ ಸುದ್ದಿ ಇಚಲಕರಂಜಿ ಪಕ್ಕದ ಕಬನೂರಿನ ಆ ಎರಡು ಕೋಣೆಯ ಮನೆಗೆ ಬಂದದ್ದು ಆಷಾಢದಲ್ಲಿ. ಅಂದಿನಿಂದ ಅಲ್ಲಿ ಒಂದು ಊಟವೂ ಜಗಳವಿಲ್ಲದೆ ಮುಗಿಯಲಿಲ್ಲ.

ಸುದ್ದಿ ತಂದವಳು ಸರಿತಾ. ಮನೆಗೆ ಒಬ್ಬಳೇ ಮಗಳು, ಬಿ.ಎ. ಮುಗಿಸಿ ಎರಡು ತಿಂಗಳಾಗಿತ್ತು. ಓದಿನಲ್ಲಿ ಅಷ್ಟಕ್ಕಷ್ಟೇ. ಆದರೆ ಡೊಳ್ಳಿನ ಪದ ಹಾಡಲು ಕೂತರೆ ಪಕ್ಕದ ಮನೆಯವರು ಟಿ.ವಿ. ಸಣ್ಣಗೆ ಮಾಡುತ್ತಿದ್ದರು. ಸೇವಾ ಕೇಂದ್ರದ ವಿಶಾಲ ಅಚ್ಚು ಹಾಕಿಕೊಟ್ಟ ಕಾಗದವನ್ನು ಅವಳು ರೊಟ್ಟಿಯ ಬುಟ್ಟಿಯ ಪಕ್ಕ ಇಟ್ಟು ಓದಿದಳು.

"ಹದಿನೆಂಟರಿಂದ ಇಪ್ಪತ್ತೈದ ವಯಸ್ಸಿನ ಕಲಾವಿದರಿಗೆ ಎರಡ ವರ್ಷ ಶಿಷ್ಯವೇತನ. ತಿಂಗಳಾ ಐದ ಸಾವಿರ. ಕೊಲ್ಲಾಪುರದಾಗ ಹದಿನೈದ ನಿಮಿಷ ಹಾಡಿ ತೋರಸಬೇಕು. ಆಯ್ಕೆ ಆದ್ರ ಮನಿಯಾಗ ಕುಂತ ಹಾಡ ಕಲಿಯೂದು, ಅಷ್ಟ."

"ಹಾಡಾಕ ರೊಕ್ಕಾ ಕೊಡ್ತಾರ? ಹಂಗಾರ ಮಗ್ಗದ ಸಪ್ಪಳದಾಗ ಹನ್ನೆರಡ ತಾಸ ನಿಂತಿರತೇನಲಾ, ನನಗ ಏನ ಕೊಡ್ತಾರ ಕೇಳ," ಎಂದ ಅಪ್ಪ ಅವಧೂತ. ಭೂಪಾಲಣ್ಣನ ಶೆಡ್ಡಿನಲ್ಲಿ ಆರು ಪವರ್‌ಲೂಮ್ ನೋಡಿಕೊಳ್ಳುವ ಅವನು ಮನೆಯಲ್ಲೂ ಮಗ್ಗದ ಸದ್ದಿನ ಮೇಲೆಯೇ ಮಾತಾಡುತ್ತಿದ್ದ.

ತಾಯಿ ಸಪನಾ ಪಲ್ಯದ ಚಮಚವನ್ನು ಪಾತ್ರೆಗೆ ಬಡಿದಳು. "ನಾ ಭೂಪಾಲಣ್ಣನ ಮನಿಯಾಗ ಮಾತ ಕೊಟ್ಟ ಬಂದೇನಿ. ಸೋಮವಾರದಿಂದ ಕಾಂಡಿ ತುಂಬಾಕ ಬರ್ತಾಳಂತ ಹೇಳೇನಿ. ಈಗ ನಾ ಹೋಗಿ ಏನ ಹೇಳ್ಲಿ? ಅಕಿ ಸರ್ಕಾರದ ಗಾಯಕಿ ಆಗ್ಯಾಳಂತ ಹೇಳ್ಲಿ?"

"ದಸರಾ ಮಟಾ ಬಿಡ ಅವ್ವಾ. ಆಯ್ಕೆ ಆಗಲಿಲ್ಲ ಅಂದ್ರ ಮರುದಿನಾನ ಕಾಂಡಿಗಿ ಹೋಗತೇನಿ. ಒಂದ ಮಾತೂ ಆಡೂದಿಲ್ಲ."

ಅವಳು ಹೀಗೆ ಪಣ ಕಟ್ಟಿದ್ದು ಎಲ್ಲರಿಗೂ ಕೇಳಿಸಿತು. ಕಾಂಡಿ ತುಂಬುವುದೆಂದರೆ ಮಗ್ಗದ ಲಾಳಿಗೆ ಹಾಕುವ ಸಣ್ಣ ಕಡ್ಡಿಗಳಿಗೆ ದಿನವಿಡೀ ನೂಲು ಸುತ್ತುವುದು. ಸಪನಾ ಅದನ್ನೇ ಹದಿನೆಂಟು ವರ್ಷದಿಂದ ಮಾಡುತ್ತಿದ್ದಳು. ಹತ್ತಿಯ ಧೂಳಿಗೆ ಅವಳ ದನಿ ಎಂದೋ ಒಡೆದುಹೋಗಿತ್ತು. ಮಗಳ ದನಿಗೂ ಅದೇ ಗತಿ ಎಂಬುದು ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಅಜ್ಜ ಹಾಲಸಿದ್ದ ಕೈ ತೊಳೆದು ಕಾಗದ ಎತ್ತಿಕೊಂಡ. ಅವನಿಗೆ ಓದಲು ಬರುತ್ತಿದ್ದದ್ದು ತುಸು. "ನನ್ನ ಹೆಸರ ಎಲ್ಲಿ ಬರೀತಿ ಇದರಾಗ?"

"ಇಲ್ಲಿ ಸಾಥಿದಾರ ಅಂತ ಐತಿ ಮುತ್ಯಾ. ಡೊಳ್ಳ ಬಾರಸಾವರ ಹೆಸರು."

"ಸಾಥಿದಾರ?" ಹಾಲಸಿದ್ದನ ಮೀಸೆ ನೆಟ್ಟಗಾಯಿತು. "ಸುತ್ತ ನಾಲ್ವತ್ತ ಹಳ್ಳಿಗಿ ಮೇಳ ಒಯ್ದಾಂವ ನಾನು. ಹಾಲಸಿದ್ದ ಬಂದಾನ ಅಂದ್ರ ಗಡಹಿಂಗ್ಲಜದ ಪೇಟಿ ಮಂದಿ ಅಂಗಡಿ ಬಾಗಲಾ ಹಾಕಿ ಬರ್ತಿದ್ರ. ಇಷ್ಟ ಇದ್ದಾಗಿಂದ ಇಕಿಗಿ ನಾ ಕಲಸೇನಿ. ನಾ ಇಕಿ ಸಾಥಿದಾರ? ಅಲ್ಲಿ ಯಾರ ಹೆಸರೂ ಬರೀಬ್ಯಾಡ. ಖಾಲಿ ಬಿಡು."

"ಗುರುಗಳ ಹೆಸರ ಬ್ಯಾರೆ ಐತಿ ಮುತ್ಯಾ. ಆಯ್ಕೆ ಆದ ಮ್ಯಾಲೆ ಗುರುಗಳ ಪ್ರಮಾಣಪತ್ರ ಕೊಡಬೇಕಂತ."

"ಹಂಗಾರ ಆತ ನೋಡು," ಎಂದು ಅವನು ಕಾಗದ ಕೆಳಗಿಟ್ಟ. ಒಲೆಯ ಮುಂದೆ ಕೊನೆಯ ರೊಟ್ಟಿ ತಟ್ಟುತ್ತಿದ್ದ ಅವನ ಹೆಂಡತಿ ತಾರವ್ವ ಒಮ್ಮೆ ಸರಿತಾಳ ಕಡೆ ನೋಡಿ ಮತ್ತೆ ಹಂಚಿನ ಕಡೆ ತಿರುಗಿದಳು.

ಮರುದಿನದಿಂದ ಅಭ್ಯಾಸ ಶುರುವಾಯಿತು. ಅಭ್ಯಾಸವೆನ್ನುವುದಕ್ಕಿಂತ ರಂಪ ಎನ್ನುವುದೇ ಸರಿ. ಡೊಳ್ಳು ಇನ್ನೂ ಅವರ ಹಳ್ಳಿಯಲ್ಲೇ ಇದ್ದುದರಿಂದ ಹಾಲಸಿದ್ದ ಎಣ್ಣೆಯ ಖಾಲಿ ಡಬ್ಬ ಬಾರಿಸುತ್ತಿದ್ದ. ಪಕ್ಕದ ಶೆಡ್ಡಿನ ಮಗ್ಗಗಳು ತಮ್ಮ ತಾಳ ತಾವು ಹಾಕುತ್ತಿದ್ದವು. ಕರೆಂಟು ಹೋದಾಗ ಮಾತ್ರ ಹಾಡು ಹಾಡಾಗಿ ಕೇಳುತ್ತಿತ್ತು. ಹಾಗಾಗಿ ಇಡೀ ಓಣಿ ಕರೆಂಟಿಗಾಗಿ ಬೈಯುವ ಹೊತ್ತಿನಲ್ಲಿ ಈ ಮನೆಯವರು ಮಾತ್ರ ಅವಸರದಿಂದ ಚಾಪೆ ಹಾಸುತ್ತಿದ್ದರು.

ಸರಿತಾ ಆರಿಸಿಕೊಂಡದ್ದು ಕಾಡಿನಲ್ಲಿ ಬಿಟ್ಟ ತಮ್ಮ ಬೀರಪ್ಪನನ್ನು ಅಕ್ಕ ಮಾಯವ್ವ ಹುಡುಕಿಕೊಂಡು ಹೋಗುವ ಪದ. ಹಾಲಸಿದ್ದ ಒಂದು ಸಾಲು ಹೇಳಿಕೊಟ್ಟ. ಒಲೆಯ ಮುಂದಿನಿಂದ ತಾರವ್ವ ಎಂದಳು: "ಅದು ಹಂಗಲ್ರಿ. ಮೊದಲ ಬನ್ನಿ ಮರಾ ಕೇಳತಾಳು, ಆಮ್ಯಾಲೆ ಹಳ್ಳಾ ಕೇಳತಾಳು."

"ಒಲಿ ಮುಂದ ಕುಂತಾವರು ಸುಮ್ಮ ಕುಂದರಬೇಕು," ಎಂದ ಹಾಲಸಿದ್ದ. ಆದರೆ ಹಾಡಿದ್ದು ಮಾತ್ರ ಮೊದಲು ಬನ್ನಿ ಮರ, ಆಮೇಲೆ ಹಳ್ಳ. ದಿನಕ್ಕೆ ನಾಲ್ಕು ಸಲವಾದರೂ ಹೀಗೆ ಆಗುತ್ತಿತ್ತು. ಮಳೆಗಾಲ ಬಿಟ್ಟು ವರ್ಷದ ಎಂಟು ತಿಂಗಳು ಕುರಿ ಹಿಂಡಿನ ಹಿಂದೆ ಊರೂರು ತಿರುಗಿದ ಮನುಷ್ಯನಿಗೆ ಪದಗಳು ಅಲ್ಲೊಂದು ಇಲ್ಲೊಂದು ಉದುರಿಹೋಗಿದ್ದರೆ ಆಶ್ಚರ್ಯವಿಲ್ಲ. ಆದರೆ ಅದನ್ನು ಅವನಿಗೆ ಹೇಳುವವರು ಯಾರು?

ದೊಡ್ಡ ಜಗಳ ಹುಟ್ಟಿದ್ದು ನಮನದ ಮೇಲೆ. ಡೊಳ್ಳಿನ ಪದಕ್ಕೆ ಮೊದಲು ದೇವರುಗಳಿಗೆ, ಊರಿಗೆ, ಕೂತ ಸಭೆಗೆ ಹೆಸರು ಹಿಡಿದು ನಮನ ಹಾಡಬೇಕು, ಕಡೆಗೆ ಗುರುವಿನ ಹೆಸರು. ಹಾಲಸಿದ್ದನ ಮೇಳದಲ್ಲಿ ಅದಕ್ಕೆ ನಲವತ್ತು ನಿಮಿಷ ಬೇಕು.

"ಮಾವಾರ, ಒಟ್ಟ ಇರೂದ ಹದಿನೈದ ನಿಮಿಷ," ಎಂದಳು ಸಪನಾ. "ನೀವು ನಮನಾ ಮಾಡೂದರಾಗ ಅವರು ಎದ್ದ ಊಟಕ್ಕ ಹೋಗತಾರ."

"ದೇವರಿಗಿ ಗಡಿಯಾರ ನೋಡಿ ಕೈ ಮುಗೀಬೇಕೇನು?"

"ಅಪ್ಪಾ, ಹಟಾ ಮಾಡಬ್ಯಾಡ," ಎಂದ ಅವಧೂತ. "ಹುಡುಗಿ ಬಾಳಿನ ಪ್ರಶ್ನೆ ಐತಿ."

ನಾಲ್ಕು ದಿನ ಹಾಲಸಿದ್ದ ಮಗನ ಜೊತೆ ಮಾತಾಡಲಿಲ್ಲ. ಐದನೆಯ ದಿನ ಭಾನುವಾರದ ಮಟನ್ ರಸ್ಸಾ ಉಣ್ಣುತ್ತ ತಾನಾಗಿಯೇ ಬಾಯಿಬಿಟ್ಟ. ಐದು ನಿಮಿಷಕ್ಕೆ ಇಳಿಸುತ್ತೇನೆ, ಅದಕ್ಕಿಂತ ಒಂದು ಸಾಲೂ ಕಡಿಮೆ ಇಲ್ಲ ಎಂದ. ಅವನ ಜೀವನದಲ್ಲಿ ಅಷ್ಟು ಸೋತದ್ದು ಅದೇ ಮೊದಲು. "ಆದ್ರ ಒಂದ ನೆಪ್ಪ ಇಡು ಸರಿತಾ. ದೇವರ ಹೆಸರ ತಪ್ಪಿದ್ರ ಮಾಫಿ ಐತಿ. ಗುರುವಿನ ಹೆಸರ ಮಾತ್ರ ಖರೇನ ಬರಬೇಕು. ನಮನದಾಗ ಸುಳ್ಳ ನಡ್ಯೂದಿಲ್ಲ."

ಸರಿತಾ ತಟ್ಟೆಯೊಳಗೆ ನೋಡುತ್ತ "ಹೂಂ" ಎಂದಳು. ಅಲ್ಲಿಂದ ಮುಂದೆ ನಮನದ ಅಭ್ಯಾಸದಲ್ಲಿ ಗುರುವಿನ ಹೆಸರು ಬರುವ ಹೊತ್ತಿಗೆ ಅವಳಿಗೆ ಕೆಮ್ಮು ಬರುತ್ತಿತ್ತು, ಇಲ್ಲವೇ ನಲ್ಲಿಯಲ್ಲಿ ನೀರು ಬರುತ್ತಿತ್ತು. ಯಾರೂ ಗಮನಿಸಲಿಲ್ಲ.

ಶ್ರಾವಣದಲ್ಲಿ ಡೊಳ್ಳು ತರಲು ಅವಧೂತ ಒಂದು ದಿನದ ಪಗಾರ ಬಿಟ್ಟು ಹೋದ. ಗಡಹಿಂಗ್ಲಜದಿಂದ ಆಚೆ ಅವರ ಹಳ್ಳಿಯ ಬೀರಪ್ಪನ ಗುಡಿಯಲ್ಲಿ ಅದು ತೊಲೆಗೆ ನೇತಾಡುತ್ತಿತ್ತು. ಅದನ್ನು ನೆಲಕ್ಕಿಡುವಂತಿಲ್ಲ, ಕಂಬಳಿಯ ಮೇಲೆಯೇ ಇಡಬೇಕು. ಎಸ್.ಟಿ. ಬಸ್ಸಿನಲ್ಲಿ ಕಂಬಳಿ ಹಾಸಲು ಜಾಗವೆಲ್ಲಿ? ಗಡಹಿಂಗ್ಲಜದಿಂದ ಇಚಲಕರಂಜಿಯವರೆಗೆ ಅವಧೂತ ಅದನ್ನು ತೊಡೆಯ ಮೇಲೆ ಹೊತ್ತು ಕೂತ. "ಹ್ಯಾಚಂ ಪಣ ತಿಕೀಟ ಕಾಢಾ," ಎಂದು ಕಂಡಕ್ಟರ್ ಅದಕ್ಕೂ ಒಂದು ಟಿಕೆಟು ಹರಿದ. ಮನೆಗೆ ಬಂದವನ ಕಾಲುಗಳು ಮರಗಟ್ಟಿದ್ದವು.

"ಇನ್ನೊಮ್ಮೆ ಇದನ್ನ ತಾ ಅಂದ್ರ ನಾ ಮನಿ ಬಿಟ್ಟ ಹೋಗತೇನಿ," ಎಂದು ಅವನು ಡೊಳ್ಳನ್ನು ಕಂಬಳಿಯ ಮೇಲಿಟ್ಟ. ಇಟ್ಟ ಮೇಲೆ ದೇವರ ಅರಿಶಿನ ಭಂಡಾರ ಹಚ್ಚಿ ಕೈ ಮುಗಿದ. ಅದು ರೂಢಿ, ಸಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಗಣಪತಿ ಹಬ್ಬ ಮುಗಿದ ವಾರ ಕೊಲ್ಲಾಪುರದಲ್ಲಿ ಪರೀಕ್ಷೆ. ಮನೆಯ ಐವರೂ ಹೊರಟರು. ಕಾದದ್ದು ಮೂರು ತಾಸು. ಒಳಗೆ ಮೇಜಿನ ಹಿಂದೆ ಮೂವರು, ಅವರ ಮುಂದೆ ಒಂದು ಗಡಿಯಾರ. ಅವರಲ್ಲಿ ಹಿರಿಯಳಾದ ಹೆಂಗಸು, "ಪಂಧರಾ ಮಿನಿಟ, ಬಾಳಾ. ಸುರು ಕರ," ಎಂದು ಮರಾಠಿಯಲ್ಲಿ ಹೇಳಿ ಹದಿನೈದು ನಿಮಿಷಕ್ಕೆ ಗಡಿಯಾರ ಹಚ್ಚಿದಳು.

ಹಾಲಸಿದ್ದ ತಲೆಯ ಪಟಕಾ ಸರಿಮಾಡಿಕೊಂಡು ನಮನದ ಪೆಟ್ಟು ಹಾಕಿದ. ಸರಿತಾ ಕಣ್ಣು ಮುಚ್ಚಿದಳು. ಬಾಯಿ ತೆಗೆದವಳು ನಮನ ಹಾಡಲೇ ಇಲ್ಲ. ನೇರ ಮಾಯವ್ವ ಕಾಡಿಗೆ ಹೊರಟ ಸಾಲಿಗೆ ಹಾರಿಬಿಟ್ಟಳು!

ಡೊಳ್ಳಿನ ಕೋಲು ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆದರೆ ಹಾಡು ಎದ್ದ ಮೇಲೆ ಡೊಳ್ಳು ನಿಲ್ಲಿಸುವುದು ಅಪಶಕುನ. ಹಾಲಸಿದ್ದ ಹಲ್ಲು ಕಚ್ಚಿ ಬಾರಿಸಿದ. ಆ ಸಿಟ್ಟಿಗೆ ಡೊಳ್ಳು ಎಂದೂ ಇಲ್ಲದಷ್ಟು ಚೆನ್ನಾಗಿ ನುಡಿಯಿತು, ಅದರ ಮೇಲೆ ಸರಿತಾ ಕೂಡ ಎಂದೂ ಇಲ್ಲದಷ್ಟು ಚೆನ್ನಾಗಿ ಹಾಡಿದಳು. ಹತ್ತನೆಯ ನಿಮಿಷಕ್ಕೆ ಅಕ್ಕನಿಗೆ ತಮ್ಮ ಸಿಕ್ಕಿದ. ಮೇಜಿನ ಹಿಂದಿನ ಹೆಂಗಸು ಕನ್ನಡ ಬಾರದಿದ್ದರೂ ಕಣ್ಣು ಒರೆಸಿಕೊಂಡಳು.

ಹೊರಗೆ ಬಂದು ಮಿಸಳ ತಿನ್ನಲು ಕೂತರು. ಹಾಲಸಿದ್ದ ತಟ್ಟೆ ಸರಿಸಿ ಡೊಳ್ಳು ಹಿಡಿದುಕೊಂಡು ಬೀದಿಗೆ ಬೆನ್ನು ಮಾಡಿ ನಿಂತ.

"ಐದ ನಿಮಿಷದ್ದ ಹಾಡಿದ್ರ ನಿನ್ನ ಗಂಟ ಏನ ಹೋಗತಿತ್ತು?" ಸಪನಾ ಮಗಳನ್ನು ಝಾಡಿಸಿದಳು. "ಇನ್ನೂ ಐದ ನಿಮಿಷ ಉಳದಿತ್ತು! ವಯಸ್ಸಾದ ಮನಶಾ ನಿನ್ನ ಸಲವಾಗಿ ಅಷ್ಟ ಬಗ್ಗ್ಯಾನ, ನೀ ಹಿಂಗ ಮಾಡೂದಾ?"

"ಮರತೆ ಅವ್ವಾ."

"ಮರತಿ? ಸುಳ್ಳ ಹೇಳಬ್ಯಾಡ."

ಸರಿತಾ ಪಾವ್ ಮುರಿದು ರಸ್ಸಾದಲ್ಲಿ ಅದ್ದಿ ಹಾಗೆಯೇ ಬಿಟ್ಟಳು. ತಾರವ್ವ ಅವಳ ಬೆನ್ನ ಮೇಲೆ ಕೈ ಇಟ್ಟಳು.

ಆಮೇಲಿನ ಎರಡು ವಾರ ಹಾಲಸಿದ್ದ ಮೊಮ್ಮಗಳ ಕೈಯಿಂದ ಚಹಾ ತೆಗೆದುಕೊಳ್ಳಲಿಲ್ಲ. ಅವಳು ಕಪ್ಪು ಇಟ್ಟರೆ ಅದು ಆರಿ ಕೆನೆಗಟ್ಟುವವರೆಗೂ ಅಲ್ಲೇ ಇರುತ್ತಿತ್ತು. ಆಮೇಲೆ ಸಪನಾ ಅದನ್ನು ಗೊಣಗುತ್ತ ಮೋರಿಗೆ ಚೆಲ್ಲುತ್ತಿದ್ದಳು. ಹಾಲಿನ ದರ ಗೊತ್ತಿಲ್ಲದ ಮುನಿಸು ಎಂದು ಅವಳು ಬೈಯುತ್ತಿದ್ದದ್ದು ಇಬ್ಬರಿಗೂ ಸೇರಿ.

ಮಂಗಳವಾರ ಮಧ್ಯಾಹ್ನ ವಿಶಾಲ ಓಡಿಬಂದ. ಸರಿತಾ ಆಯ್ಕೆಯಾಗಿದ್ದಳು. ಗುರುಗಳ ಸಹಿಯಿರುವ ಪ್ರಮಾಣಪತ್ರ ಶುಕ್ರವಾರ ಸಂಜೆ ಆರರೊಳಗೆ ಕಳಿಸಬೇಕು. ತಡವಾದರೆ ಜಾಗ ಮುಂದಿನವರಿಗೆ.

ಅವಧೂತ ಪೇಢೆ ತಂದ. ಹಾಲಸಿದ್ದ ಪೇಢೆಯನ್ನೂ ಮುಟ್ಟಲಿಲ್ಲ, ಪೆನ್ನನ್ನೂ ಮುಟ್ಟಲಿಲ್ಲ. "ನಮನಾ ಬಿಟ್ಟ ಹಾಡಿದಾಕಿಗಿ ನಾ ಗುರು ಅಲ್ಲ," ಎಂದು ಗೋಡೆಯ ಕಡೆ ತಿರುಗಿದ.

ಬುಧವಾರ ಸಪನಾ ಅತ್ತಳು. ಗುರುವಾರ ಅವಧೂತ ಕೂಗಾಡಿದ: "ಸರ್ಕಾರ ಹೂಂ ಅಂತು, ಮನಿಯಾಗ ನೀ ಒಬ್ಬಾಂವ ಉಂಹೂಂ ಅಂತಿ! ನಿನ್ನ ಸಹಿ ನಾನ ಹೊಡೀತೇನಿ ನೋಡು."

"ಹೊಡಿ. ಬೀರಪ್ಪ ನೋಡಕೋತಾನ."

ಆ ಮಾತಿಗೆ ಅವಧೂತ ಎತ್ತಿದ ಪೆನ್ನು ಕೆಳಗಿಟ್ಟ. ವಿಶಾಲ ಮಾತ್ರ, "ಬ್ಯಾರೆ ಯಾರರೆ ಮಾಸ್ತರರದ ತಗೋರಿ, ಯಾರ ನೋಡತಾರ?" ಎಂದ. ಸರಿತಾ ಒಪ್ಪಲಿಲ್ಲ. ಹಾಗಾದರೆ ಮುತ್ಯಾನ ಕಾಲು ಹಿಡಿ ಎಂದರೆ ಅದಕ್ಕೂ ಹೋಗಲಿಲ್ಲ. ಇಂಥ ಹುಡುಗಿಯನ್ನು ಏನು ಮಾಡಬೇಕು? ಸಪನಾ ಸಿಟ್ಟಿಗೆ ಭೂಪಾಲಣ್ಣನ ಮನೆಗೆ ಹೋಗಿ ಸೋಮವಾರದಿಂದ ಮಗಳು ಕಾಂಡಿಗೆ ಬರುತ್ತಾಳೆಂದು ಎರಡನೆಯ ಸಲ ಮಾತು ಕೊಟ್ಟು ಬಂದಳು.

ಶುಕ್ರವಾರ ನಾಲ್ಕೂವರೆಗೆ ಹಾಲಸಿದ್ದ ತಾನಾಗಿಯೇ ಕಂಬಳಿ ಹಾಸಿದ. ಡೊಳ್ಳು ಇಟ್ಟು ಭಂಡಾರ ಹಚ್ಚಿದ.

"ಬಾ ಇಲ್ಲಿ. ಅಲ್ಲಿ ಬಿಟ್ಟ ನಮನಾ ಇಲ್ಲಿ ಹಾಡು. ಐದ ನಿಮಿಷದ್ದಲ್ಲ, ಪೂರ್ತೇ. ಹಾಡಿದ್ರ ಸಹಿ ಮಾಡತೇನಿ."

"ಪೂರ್ತೇ?" ಅವಧೂತ ತಲೆ ಹಿಡಿದುಕೊಂಡ. "ಅಪ್ಪಾ, ಆರಕ್ಕ ಬಂದ ಆಗತೈತಿ! ಮೊದಲ ಸಹಿ ಮಾಡು, ಆಮ್ಯಾಲೆ ಮುಂಜಾನಿ ಮಟಾ ಹಾಡಸು."

"ಅಲ್ಲೂ ಹಿಂಗ ಅವಸರಾ ಮಾಡಿ ಕೆಟ್ಟಿರಿ."

ಸರಿತಾ ಬಂದು ಕೂತಳು. ಅವಳ ಮುಖ ಕಂಗೆಟ್ಟಿತ್ತು. ಅಜ್ಜಿಯ ಕಡೆ ನೋಡಿದಳು. ತಾರವ್ವ ಸಂಜೆಯ ಹಿಟ್ಟು ನಾದುತ್ತ ತಲೆ ಎತ್ತಲಿಲ್ಲ. ಡೊಳ್ಳು ಶುರುವಾಯಿತು, ಸರಿತಾ ಹಾಡಿದಳು. ಬೀರಪ್ಪ ಆಯಿತು, ಮಾಳಿಂಗರಾಯ ಆಯಿತು, ಮಾಯವ್ವ, ಹಾಲಸಿದ್ಧನಾಥ, ಊರ ಹನುಮಂತ, ಹೊಳೆಯ ಗಂಗವ್ವ. ಗಡಿಯಾರ ಐದು ದಾಟಿತು. ಅವಧೂತ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡೇ ನಿಂತಿದ್ದ. ಸಪನಾ ಪ್ರತಿ ದೇವರಿಗೂ ಕೈ ಮುಗಿದು ಪ್ರತಿ ದೇವರನ್ನೂ ಒಳಗೊಳಗೇ ಬೈದುಕೊಳ್ಳುತ್ತಿದ್ದಳು.

ಕಡೆಗೆ ಗುರುವಿನ ಸಾಲು ಬಂತು. ಸರಿತಾಳಿಗೆ ಈ ಸಲ ಕೆಮ್ಮು ಬರಲಿಲ್ಲ.

"ಪದವ ಕೊಟ್ಟ ತಾಯಿಗೆ, ಒಲೆಯ ಮುಂದೆ ಕುಳಿತವಳಿಗೆ, ಗುರು ತಾರವ್ವನ ಪಾದಕೆ ನಮನ."

ಡೊಳ್ಳು ನಿಂತಿತು. ಪಕ್ಕದ ಶೆಡ್ಡಿನ ಮಗ್ಗಗಳ ಸದ್ದು ಮನೆಯೊಳಗೆ ತುಂಬಿಕೊಂಡಿತು.

"ಏನಂದಿ?" ಎಂದ ಹಾಲಸಿದ್ದ.

"ಅದಕ್ಕ ಮುತ್ಯಾ ಕೊಲ್ಲಾಪುರದಾಗ ನಮನಾ ಬಿಟ್ಟೆ," ಸರಿತಾಳ ಕಣ್ಣಲ್ಲಿ ನೀರು. "ನೀ ಮಗ್ಗಲದಾಗ ಕುಂತಿದ್ದಿ. ನಿನ್ನ ಹೆಸರ ಹೇಳಿದ್ರ ಸುಳ್ಳ ಆಗತಿತ್ತು, ಆಯಿ ಹೆಸರ ಹೇಳಿದ್ರ ಮಂದಿ ಮುಂದ ನಿನ್ನ ಮಾನ ಹೋಗತಿತ್ತು. ತಾಳಾ ನೀ ಕಲಸೀದಿ. ಪದಾ ಎಲ್ಲಾ ಆಯೀದು."

ಹಾಲಸಿದ್ದ ಹೆಂಡತಿಯ ಕಡೆ ತಿರುಗಿದ. "ನೀ ಕಲಸೀದಿಯೇನು?"

"ಕಲಸೂದೇನ ಬಂತ್ರಿ," ತಾರವ್ವ ಸಿಡುಕಿದಳು. "ನೀವು ಕುರಿ ಬೆನ್ನ ಹತ್ತಿ ಹೋಗತಿದ್ರಿ. ಇವರಿಬ್ರೂ ಶೆಡ್ಡಿಗಿ ಹೋಗತಿದ್ರು. ಕೂಸ ಅಳತಿತ್ತು. ಸುಮ್ಮ ಮಾಡಾಕ ಒಂದೊಂದ ಪದಾ ಅಂದೆ. ಹತ್ತ ವರ್ಷ ಅಂದೆ. ಈಗ ಅದಕ್ಕ ಪಂಚಾಯ್ತಿ ಮಾಡಬ್ಯಾಡ್ರಿ. ಹುಡುಗಿ ಕಾಂಡಿಗಿ ಹೋಗತೈತಿ. ನಿಮ್ಮ ಹೆಸರ ಬರೀರಿ, ಸಹಿ ಮಾಡ್ರಿ."

"ಗುರುವಿನ ಹೆಸರ ನಮನದಾಗ ಬಂದೈತಿ," ಎಂದ ಹಾಲಸಿದ್ದ. "ಅದನ್ನ ತಿರುಗಸಾಕ ನಾ ಯಾರು?"

ಐದೂ ಇಪ್ಪತ್ತು. ಅವನು ಕಾಗದ ಎಳೆದುಕೊಂಡು ಅವಧೂತನತ್ತ ಹಿಡಿದ. "ಡೊಳ್ಳ ಬಾರಿಸಿದಾಂವನ ಹೆಸರ ಎಲ್ಲಿ ಬರೀಬೇಕು?"

"ಕೆಳಗ ಅಪ್ಪಾ. ಸಾಥಿದಾರ ಅಂತ ಐತಿ ನೋಡು."

ಹಾಲಸಿದ್ದ ಪೆನ್ನು ಹಿಡಿದು ಅಲ್ಲಿ ಸಹಿ ಮಾಡಿದ. ಜೋರಾಗಿ ಒತ್ತಿದ್ದರಿಂದ ಕಾಗದ ಒಂದು ಕಡೆ ತುಸು ಹರಿಯಿತು. ಆಮೇಲೆ ಪೆನ್ನನ್ನು ತಾರವ್ವನ ಕಡೆ ಚಾಚಿದ. "ಹಿಡಿ."

"ಕೈಯಾಗ ಹಿಟ್ಟ ಐತಿ. ತೊಳಕೊಂಡ ಬರ್ತೇನಿ."

"ಆಯಿ!" ಎಂದು ಮೂವರೂ ಒಟ್ಟಿಗೆ ಕಿರುಚಿದರು.

ಆದರೂ ಅವಳು ಮೋರಿಗೆ ಹೋಗಿ ಕೈ ತೊಳೆದೇ ಬಂದಳು. ಸೆರಗಿಗೆ ಒರೆಸಿಕೊಂಡಳು. ಹೆಂಗಸರ ಉಳಿತಾಯದ ಬಚತ ಗಟದ ಸಭೆಯಲ್ಲಿ ಕಲಿತ ಸಹಿಯನ್ನು ಗುರು ಎಂದು ಅಚ್ಚಾದ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಅವಸರ ಮಾಡಿದ ಸಪನಾಳನ್ನು, "ತಡಿಯವಾ, ದಿನಾ ಬರೂ ಕೆಲಸಾ ಅಲ್ಲಿದು," ಎಂದು ಗದರಿದಳು.

ಅವಧೂತ ಕಾಗದ ಕಸಿದುಕೊಂಡು ವಿಶಾಲನ ಸೇವಾ ಕೇಂದ್ರದ ಕಡೆ ಓಡಿದ. ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ ಎನ್ನುವಾಗ ಅವನ ಫೋನು ಬಂತು, ಕಾಗದ ಹೋಯಿತಂತೆ. ಸಪನಾ ಅಲ್ಲೇ ಕುಸಿದು ಕೂತು, ಭೂಪಾಲಣ್ಣನ ಮನೆಗೆ ಮೂರನೆಯ ಸಲ ಯಾವ ಮುಖ ಹೊತ್ತು ಹೋಗಲಿ ಎಂದು ಎಲ್ಲರನ್ನೂ ಬೈಯತೊಡಗಿದಳು. ಬೈಯುತ್ತ ಬೈಯುತ್ತ ಚಹಾಕ್ಕೆ ನೀರಿಟ್ಟಳು.

ಸರಿತಾ ಕಪ್ಪು ತಂದು ಅಜ್ಜನ ಮುಂದೆ ಇಟ್ಟಳು. ಹಾಲಸಿದ್ದ ಅದನ್ನು ಒಂದೇ ಗುಟುಕಿಗೆ ಕುಡಿದು ಬಾಯಿ ಸುಟ್ಟುಕೊಂಡ. ಮತ್ತೆ ಡೊಳ್ಳಿಗೆ ಕೈ ಹಾಕಿದ. ನಮನ ಆದ ಮೇಲೆ ಪದ ಹಾಡದೆ ಏಳಬಾರದು. ಕಾಡಿಗೆ ಹೊರಟ ಮಾಯವ್ವನ ಮೊದಲ ಸಾಲು ತಾನೇ ಎತ್ತಿದ, ಎರಡನೆಯದಕ್ಕೆ ತಡವರಿಸಿದ. ಒಲೆಯ ಮುಂದೆ ತಾರವ್ವ ತುಟಿ ಬಿಗಿಹಿಡಿದು ರೊಟ್ಟಿ ತಟ್ಟುತ್ತಿದ್ದಳು.

"ಸುಮ್ಮ ಯಾಕ ಕುಂತಿ?" ಎಂದ ಹಾಲಸಿದ್ದ ಸಿಟ್ಟಿನಿಂದ. "ಮುಂದಿಂದ ಹೇಳು."